ಪಾಳಿಯಲ್ಲಿ ನಿಂತು ಕಲಿತದ್ದು

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಮ್ಮದೊಂದು ಬೇರಿಂಗ್ ಅಂಗಡಿ ಇದೆ. ಅಪ್ಪ ಶುರು ಮಾಡಿದ್ದು. ಹಿಟ್ಟಿನ ಗಿರಣಿಯವರು, ವರ್ಕ್‌ಶಾಪಿನವರು, ಟ್ರ್ಯಾಕ್ಟರ್ ಇಟ್ಟವರು ವರ್ಷವಿಡೀ ಬರುತ್ತಾರೆ. ಶಿವರಾತ್ರಿ ಹತ್ತಿರ ಬಂದಾಗ ಮಾತ್ರ ನಾನು ದಾರಿ ಕಾಯುವ ಗಿರಾಕಿಗಳೇ ಬೇರೆ. ಜಾತ್ರೆಯಲ್ಲಿ ತೊಟ್ಟಿಲು, ಕೊಲಂಬಸ್ ಅನ್ನುವ ತೂಗುವ ದೋಣಿ, ಬ್ರೇಕ್ ಡಾನ್ಸ್ ಹಾಕುವವರು. ಸಿದ್ಧಾರೂಢರ ಜಾತ್ರೆಗೆ ಮುಂಚೆ ಗ್ರೀಸ್ ಮೆತ್ತಿದ ಹಳೇ ಬೇರಿಂಗನ್ನು ಪೇಪರಿನಲ್ಲಿ ಸುತ್ತಿ ತಂದು ಕೌಂಟರ್ ಮೇಲೆ ಇಡುತ್ತಾರೆ. “ಇಂಥಾದ್ದ ಎರಡು ಕೊಡ್ರಿ ಅಣ್ಣಾರ” ಅನ್ನುತ್ತಾರೆ. ಎಷ್ಟೋ ಸಲ ನಂಬರ್ ಅಳಿಸಿ ಹೋಗಿರುತ್ತದೆ. ಆದರೂ ಒಳಗಿನ ತೂತು, ಹೊರಗಿನ ವ್ಯಾಸ, ದಪ್ಪ ಅಳೆದರೆ ಸಾಕು. ತೂತು 50 ಮಿಲಿಮೀಟರ್ ಇದ್ದರೆ ನಂಬರಿನ ಕೊನೆಯಲ್ಲಿ 10 ಇರುತ್ತದೆ, 25 ಇದ್ದರೆ 05.

ಚಿಕ್ಕಂದಿನಿಂದ ಇವರ ಮಾತು ಕೇಳುತ್ತಾ ಬೆಳೆದೆ. ಯಾವ ಊರಲ್ಲಿ ಗಾಳಿ ಜಾಸ್ತಿ, ಎಲ್ಲಿ ಕರೆಂಟ್ ಕೈಕೊಡುತ್ತದೆ, ಗದಗಿನ ತೋಂಟದಾರ್ಯ ಜಾತ್ರೆಗೆ ಯಾವತ್ತು ಲಾರಿ ಹೊರಡಬೇಕು, ಇದೇ ಮಾತು. ಆಟದ ಸಾಮಾನಿನ ಮೇಲಿನ ನನ್ನ ಪ್ರೀತಿ ಅಲ್ಲಿಂದಲೇ ಶುರುವಾಯಿತು.

ಬಿಡದಿಯ ವಂಡರ್‌ಲಾ ಆಟದ ಪಾರ್ಕಿಗೆ ಮೊದಲ ಸಲ ಹೋಗಿದ್ದು 2006ರ ಬೇಸಿಗೆಯಲ್ಲಿ. ಅದು ಬಾಗಿಲು ತೆರೆದು ಇನ್ನೂ ಒಂದು ವರ್ಷ ಆಗಿರಲಿಲ್ಲ. ಹುಬ್ಬಳ್ಳಿಯಿಂದ ರಾತ್ರಿ ರೈಲು ಹಿಡಿದರೆ ಬೆಳಗ್ಗೆ ಬೆಂಗಳೂರು. ಅಲ್ಲಿಂದ ಮೈಸೂರು ಕಡೆಯ ರೈಲಿನಲ್ಲಿ ಬಿಡದಿ. ಇವತ್ತಿಗೂ ನಾನು ಹೋಗುವುದು ಹೀಗೇ. ಕೈಚೀಲದಲ್ಲಿ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಇರುತ್ತದೆ. ಗೇಟ್ ತೆರೆಯೋದು 11ಕ್ಕೆ. ಅಷ್ಟರಲ್ಲಿ ತಿಂಡಿ ಮುಗಿಸಿ ಮೊದಲ ಸಾಲಿನಲ್ಲಿ ನಿಂತಿರುತ್ತೇನೆ.

ಅವತ್ತು ಎಲ್ಲರೂ ಮೇಲೆ ನೋಡುತ್ತಿದ್ದರೆ ನಾನು ಗಾಲಿ ನೋಡುತ್ತಿದ್ದೆ. ರೋಲರ್ ಕೋಸ್ಟರಿನ ಗಾಲಿಗಳು ಹಳಿಯನ್ನು ಮೂರು ಕಡೆಯಿಂದ ಹಿಡಿದಿರುತ್ತವೆ. ಮೇಲಿನವು ಭಾರ ಹೊರುತ್ತವೆ. ಪಕ್ಕದವು ತಿರುವಿನಲ್ಲಿ ತಡೆಯುತ್ತವೆ. ಹಳಿಯ ಕೆಳಗೆ ಇನ್ನೊಂದು ಜೊತೆ ಇರುತ್ತದೆ, ಗಾಡಿ ಮೇಲಕ್ಕೆ ಹಾರದಂತೆ ಅದು ಹಿಡಿದಿಡುತ್ತದೆ. ಸರಪಳಿ ಗಾಡಿಯನ್ನು ಮೇಲಕ್ಕೆ ಎಳೆಯುವಾಗ ಟಕ್ ಟಕ್ ಅಂತ ಸದ್ದು ಬರುತ್ತದಲ್ಲ, ಅದು ಹಲ್ಲಿನ ಮೇಲೆ ಕೊಂಡಿ ಬೀಳುವ ಸದ್ದು. ಸರಪಳಿ ಹರಿದರೂ ಗಾಡಿ ಹಿಂದೆ ಜಾರಬಾರದು ಅಂತ ಇಟ್ಟದ್ದು. ಎಷ್ಟೋ ಜನ ಆ ಸದ್ದಿಗೇ ಹೆದರುತ್ತಾರೆ. ನನಗೆ ಅದು ಕೇಳಿಸದಿದ್ದರೆ ಹೆದರಿಕೆ.

ಪಾರ್ಕನ್ನು ನಾನು ನೋಡುವ ರೀತಿ ಬದಲಾಗಿದ್ದು ಮಗಳು ಹುಟ್ಟಿದ ಮೇಲೆ. ಒಂದು ಮೇ ತಿಂಗಳ ಭಾನುವಾರ ಮನೆಯವರನ್ನೆಲ್ಲಾ ಕರೆದುಕೊಂಡು ಒಂದು ಸಣ್ಣ ಪಾರ್ಕಿಗೆ ಹೋಗಿದ್ದೆ. ದಿನವಿಡೀ ಇದ್ದು ಮೂರು ಆಟ ಆಡಿದೆವು. ಉಳಿದ ಹೊತ್ತೆಲ್ಲಾ ಪಾಳಿ, ಅಂದರೆ ಸಾಲಿನಲ್ಲಿ ಕಾಯುವುದು. ಮಗಳು ನನ್ನ ಹೆಗಲ ಮೇಲೇ ನಿದ್ದೆ ಹೋದಳು. ಕೊನೆಯ ಆಟದಲ್ಲಿ ನಮ್ಮ ಮುಂದಿನ ಸೀಟಿನ ಹುಡುಗನ ತೊಡೆ ಮೇಲಿನ ರಾಡು ಲಾಕ್ ಆಗಿರಲಿಲ್ಲ. ಆಪರೇಟರ್ ಆಗಲೇ ಕೈ ಎತ್ತಿ ಸನ್ನೆ ಮಾಡಿದ್ದ. ನಾನು ಕೂಗಿದೆ, ಪುಣ್ಯಕ್ಕೆ ನಿಲ್ಲಿಸಿದರು. ಬೆಳಗ್ಗೆಯಿಂದ ಆ ಆಪರೇಟರ್ ಒಬ್ಬನೇ ಆ ಆಟ ನಡೆಸುತ್ತಿದ್ದನಂತೆ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಇಬ್ಬರು ಮಾಡಬೇಕಾದ ಕೆಲಸಕ್ಕೆ ಒಬ್ಬನನ್ನು ನಿಲ್ಲಿಸಿದವರ ಮೇಲೆ ಬಂತು.

ಅವತ್ತಿನಿಂದ ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಪಾಳಿಗೆ ನಿಂತ ಕೂಡಲೇ ಗಡಿಯಾರ ನೋಡಿಕೊಳ್ಳುತ್ತೇನೆ. ಗಾಡಿಯಲ್ಲಿ ಎಷ್ಟು ಸೀಟು, ಒಂದು ಗಾಡಿ ಹೋಗಿ ಮುಂದಿನದು ಹೊರಡಲು ಎಷ್ಟು ನಿಮಿಷ, ಎಷ್ಟು ಸೀಟು ಖಾಲಿ ಹೋಯಿತು, ಬರೆಯುತ್ತೇನೆ. 28 ಸೀಟಿನ ಗಾಡಿ ಅಂದುಕೊಳ್ಳಿ. ಮೂರು ನಿಮಿಷಕ್ಕೊಮ್ಮೆ ಹೊರಟರೆ ಗಂಟೆಗೆ 560 ಜನ. ನಾಲ್ಕು ನಿಮಿಷ ಆದರೆ 420. ಒಂದೇ ಒಂದು ನಿಮಿಷಕ್ಕೆ ಗಂಟೆಗೆ 140 ಜನ ಕಡಿಮೆ. ಏಳು ಗಂಟೆ ಪಾರ್ಕ್ ನಡೆದರೆ 980 ಜನರಿಗೆ ಆ ಆಟ ಸಿಗಲಿಲ್ಲ ಅಂತಾಯಿತು. ಇಷ್ಟು ಲೆಕ್ಕ ಮಾಡಿದ ಮೇಲೆ ನನಗೆ ಕಂಡದ್ದು ಇದು: ಹೊಸ ಆಟ ತರಲು ಕೋಟಿಗಟ್ಟಲೆ ಬೇಕು, ಆ ಒಂದು ನಿಮಿಷ ಉಳಿಸಲು ಸಂಬಳ ಸರಿಯಾಗಿ ಕೊಟ್ಟ ಇನ್ನಿಬ್ಬರು ಕೆಲಸಗಾರರು ಸಾಕು.

ಎಲ್ಲ ಆಟದಲ್ಲೂ ಇದು ಆಗಲ್ಲ, ನಿಜ. ವಂಡರ್‌ಲಾದ ರಿಕಾಯಿಲ್‌ನಲ್ಲಿ ಗಾಡಿ ಮುಂದೆ ಹೋಗಿ ಅದೇ ಹಳಿಯಲ್ಲಿ ಹಿಂದಕ್ಕೆ ಬರುತ್ತದೆ. ಹಾಗಾಗಿ ಇನ್ನೊಂದು ಗಾಡಿ ಹಾಕುವ ಹಾಗಿಲ್ಲ. ಖೊಪೋಲಿ ಹತ್ತಿರದ ಇಮ್ಯಾಜಿಕಾದಲ್ಲಿ ನೈಟ್ರೋ ಇದೆ, ಕಾಲಿನ ಕೆಳಗೆ ನೆಲವೇ ಇಲ್ಲದ ಕೋಸ್ಟರ್. ಜನ ಹತ್ತಿ ಇಳಿಯುವಾಗ ನಿಲ್ದಾಣದ ನೆಲ ಮೇಲೆ ಬರಬೇಕು, ಹೊರಡುವ ಮುಂಚೆ ಸರಿಯಬೇಕು. ಅಲ್ಲಿ ಕೆಲವು ಸೆಕೆಂಡು ಹೋಗೇ ಹೋಗುತ್ತದೆ. ಇಂಥ ಕಡೆ ನಾನು ದೂರು ಹೇಳುವುದಿಲ್ಲ. ರಾಡು ಎಳೆದು ನೋಡುವುದಕ್ಕೆ ಎಷ್ಟು ಹೊತ್ತು ಹಿಡಿದರೂ ದೂರು ಹೇಳುವುದಿಲ್ಲ. ನನ್ನ ದೂರು ಏನಿದ್ದರೂ ಬ್ಯಾಗ್ ಎಲ್ಲಿ ಇಡಬೇಕು, ಯಾರು ಯಾವ ಸಾಲಿನಲ್ಲಿ ಕೂರಬೇಕು ಅಂತ ಗಾಡಿ ಬಂದ ಮೇಲೆ ಹುಡುಕಾಡುತ್ತಾರಲ್ಲ, ಅದರ ಮೇಲೆ.

ಇದಕ್ಕೆ ದಾರಿ ನನಗೆ ಹೊಳೆದದ್ದು ನಮ್ಮೂರಿನ ಚಿಗರಿ ಬಸ್ಸಿನಲ್ಲಿ. ವಸೂಲಿಗೆ ಅಂತ ವಾರಕ್ಕೊಮ್ಮೆ ಧಾರವಾಡಕ್ಕೆ ಹೋಗುತ್ತೇನೆ. ಟಿಕೆಟ್ ನಿಲ್ದಾಣದಲ್ಲೇ ಆಗಿರುತ್ತದೆ. ಬಸ್ಸಿನ ನೆಲಕ್ಕೂ ನಿಲ್ದಾಣದ ನೆಲಕ್ಕೂ ಒಂದೇ ಎತ್ತರ. ಬಾಗಿಲು ತೆರೆಯಿತು, ಹತ್ತಿದರು, ಹೊರಟಿತು. ಬೇರೆ ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಹುಡುಕುವ ಹೊತ್ತಿಗೆ ಇದು ಮುಂದಿನ ನಿಲ್ದಾಣದಲ್ಲಿ ಇರುತ್ತದೆ.

ಕೊಲಂಬಸ್ ಇಟ್ಟಿರುವ ನಮ್ಮ ಹಳೇ ಗಿರಾಕಿಯೊಬ್ಬರಿಗೆ ಇದನ್ನೇ ಹೇಳಿದೆ. ಅವರ ದೋಣಿಯಲ್ಲಿ 40 ಜನ ಕೂರುತ್ತಾರೆ. ನಾಲ್ಕು ನಿಮಿಷ ತೂಗುತ್ತದೆ. ಇಳಿಸಿ, ಟಿಕೆಟ್ ನೋಡಿ, ಹತ್ತಿಸಿ, ರಾಡು ಹಾಕಲು ಆರು ನಿಮಿಷ. ಗಂಟೆಗೆ ಆರೇ ಸುತ್ತು. ಜಾತ್ರೆಯ ಮೊದಲ ರಾತ್ರಿ ಪಕ್ಕದಲ್ಲಿ ನಿಂತು ನಾನೇ ಬರೆದುಕೊಂಡೆ. ಮರುದಿನ ಬಿದಿರು ಕಟ್ಟಿ ಒಂದು ಪುಟ್ಟ ಅಂಗಳ ಮಾಡಿದೆವು. ದೋಣಿ ತೂಗುತ್ತಿರುವಾಗಲೇ ಮುಂದಿನ 40 ಜನರ ಟಿಕೆಟ್ ಹರಿದು ಒಳಗೆ ನಿಲ್ಲಿಸುವುದು. ಚಪ್ಪಲಿ, ಚೀಲ ಅಲ್ಲೇ ಬಿಡುವುದು. ಇಳಿಯುವವರಿಗೆ ಇನ್ನೊಂದು ಕಡೆ ದಾರಿ. ಕೊಲಂಬಸ್ಸಿನವರಿಗೆ ಮೊದಲು ನಂಬಿಕೆ ಇರಲಿಲ್ಲ. “ಜಾತ್ರಿ ಮಂದಿ ಹಂಗ ಪಾಳಿ ಹಚ್ಚಂಗಿಲ್ಲರಿ” ಅಂದರು. ಆದರೆ ತಮ್ಮ ಟಿಕೆಟ್ ಹರಿದಾಯಿತು, ಮುಂದಿನ ಸುತ್ತು ತಮ್ಮದೇ ಅಂತ ಗೊತ್ತಾದ ಮೇಲೆ ಜನ ನೂಕಲಿಲ್ಲ. ಗಂಟೆಗೆ ಏಳು ಸುತ್ತು ಬಂತು, ಕೆಲವು ಸಲ ಎಂಟು. ಅಂದರೆ ಗಂಟೆಗೆ 40ರಿಂದ 80 ಜನ ಜಾಸ್ತಿ. ರಾಡು ನೋಡಲೆಂದೇ ಒಬ್ಬ ಹುಡುಗನನ್ನು ಬೇರೆ ಇಡಬೇಕು ಅನ್ನುವ ಷರತ್ತಿನ ಮೇಲೆ ಹೇಳಿಕೊಟ್ಟಿದ್ದೆ. ಇಟ್ಟಿದ್ದಾರೆ.

ಅಂಗಡಿಗೆ ಬಂದವರು ಕೇಳುತ್ತಾರೆ, ಹುಬ್ಬಳ್ಳಿಗೆ ಅಂಥಾ ದೊಡ್ಡ ಪಾರ್ಕ್ ಯಾಕೆ ಬರಲ್ಲ ಅಂತ. ನಾನು ಲೆಕ್ಕ ಹೇಳುತ್ತೇನೆ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡ ಸೇರಿ 9.4 ಲಕ್ಷ ಜನ, ಬೆಂಗಳೂರು 84 ಲಕ್ಷ. ಪಾರ್ಕಿಗೆ 500 ಜನ ಬಂದರೂ, 5,000 ಜನ ಬಂದರೂ ಕೊಳದ ಪಕ್ಕ ಕಾವಲಿಗೆ ಜನ ನಿಲ್ಲಲೇಬೇಕು, ನೀರು ಶುದ್ಧ ಆಗಲೇಬೇಕು, ಬೆಳಗ್ಗೆ ಬೋಲ್ಟ್ ನೋಡಲೇಬೇಕು. ಮಂಗಳವಾರ, ಬುಧವಾರ ತುಂಬಿಸುವುದು ಶಾಲೆ ಪ್ರವಾಸಗಳು. ಮಳೆಗಾಲ ಇದ್ದೇ ಇದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಪಾರ್ಕ್ ಟಿಕೆಟ್ಟಿಗೆ 28 ಪರ್ಸೆಂಟ್ ಹಾಕಿದ್ದರು. 2018ರ ಜನವರಿಯಲ್ಲಿ 18ಕ್ಕೆ ಇಳಿಸಿದರು. ಒಂದು ಮನೆಯ ನಾಲ್ಕು ಜನ ಹೋಗಬೇಕಾ ಬೇಡವಾ ಅಂತ ಯೋಚಿಸುವುದೇ ಆ ದುಡ್ಡಿನಲ್ಲಿ. ಜಾಗದ ಮಾತಂತೂ ಬಿಡಿ. 1984ರಲ್ಲಿ ದೆಹಲಿಯ ನಡುವೆ ಶುರುವಾದ ಅಪ್ಪು ಘರ್ ಪಾರ್ಕ್ 2008ರಲ್ಲಿ ಮುಚ್ಚಿತು. ಊರ ನಡುವಿನ ಅಂಥ ಜಾಗಕ್ಕೆ ಬೇರೆ ಕೆಲಸಗಳು ಕಾಯುತ್ತಿರುತ್ತವೆ.

ಹಾಗಂತ ನಮ್ಮ ಕಡೆ ಏನೂ ಇಲ್ಲ ಅಂದರೆ ನಾನು ಒಪ್ಪಲ್ಲ. ಹೆದ್ದಾರಿಯಲ್ಲಿ ಹಾವೇರಿ ಕಡೆ ಹೊರಟರೆ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಸಿಗುತ್ತದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಕನಸು. ನಮ್ಮ ಹಳ್ಳಿಯ ಬದುಕು ಅಲ್ಲಿ ಆಳೆತ್ತರದ ಶಿಲ್ಪಗಳಾಗಿ ನಿಂತಿದೆ. ಥೀಮ್ ಪಾರ್ಕ್ ಅನ್ನುವ ಮಾತಿನ ಥೀಮ್ ಅನ್ನುವ ಅರ್ಧ, ದೊಡ್ಡ ದೊಡ್ಡ ಪಾರ್ಕುಗಳಿಗಿಂತ ಅಲ್ಲೇ ಜಾಸ್ತಿ ಇದೆ. ನಮ್ಮ ಅತ್ತೆಯನ್ನು ಕರೆದುಕೊಂಡು ಹೋಗಿದ್ದಾಗ ಅವರು ಪ್ರತಿ ಮೂರ್ತಿಯ ಮುಂದೆಯೂ ನಿಂತು ಮೊಮ್ಮಗಳಿಗೆ ಏನೋ ಒಂದು ಹೇಳುತ್ತಿದ್ದರು. ಅಲ್ಲಿ ನಾನು ಗಡಿಯಾರ ನೋಡಲಿಲ್ಲ.

ಮೊನ್ನೆ ಕೊಲಂಬಸ್ಸಿನವರು ಮತ್ತೆ ಬಂದಿದ್ದರು. ದೋಣಿಯನ್ನು ತಳದಿಂದ ತಳ್ಳುವುದು ಒಂದು ಟಯರು. ಅದರ ಶಾಫ್ಟಿಗೆ ಬೇರಿಂಗ್ ಬೇಕಾಗಿತ್ತು. ದುಡ್ಡು ಎಣಿಸುತ್ತಾ ಕೇಳಿದರು, “ಹನಿ ಬಿದ್ರ ಟಯರ್ ಜಾರತೈತ್ರಿ ಅಣ್ಣಾರ. ಬಿಡದಿಯೊಳಗ ಇದಕ್ಕ ಏನ್ ಮಾಡ್ತಾರ?” ಹನಿ ಬಿದ್ದರೆ ಮೊದಲು ನಿಲ್ಲಿಸಿ, ಒಣಗುವವರೆಗೂ ಶುರು ಮಾಡಬೇಡಿ ಅಂದೆ. ಉಳಿದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ದಸರೆ ರಜೆಗೆ ರಾತ್ರಿ ರೈಲಿನ ಟಿಕೆಟ್ ಆಗಿದೆ. ಅಲ್ಲಿ ದೋಣಿಯ ಪಕ್ಕ ನಿಂತು, ಕೆಳಗೆ ಬಗ್ಗಿ ನೋಡಿ, ಆಪರೇಟರನ್ನು ಕೇಳಿ ಬರುತ್ತೇನೆ.