ಬಾಸ್ ಬೋಟ್: ವೇಗ ಏರಿದಾಗ ಹಿಡಿತ ತಪ್ಪದಿರಲು

ಗಂಟೆಗೆ 110 ಕಿ.ಮೀ. ವೇಗದಲ್ಲಿರುವ ದೋಣಿ ಒಂದು ಸೆಕೆಂಡಿಗೆ ಸುಮಾರು 30 ಮೀಟರ್ ದಾಟುತ್ತದೆ. ನೀರಿನ ಮೇಲೆ ಬ್ರೇಕ್ ಇಲ್ಲ, ಲೇನ್ ಇಲ್ಲ. ಅರೆಮುಳುಗಿದ ಮರದ ದಿಮ್ಮಿ ನೂರು ಮೀಟರ್ ದೂರದಲ್ಲಿ ಕಣ್ಣಿಗೆ ಬಿದ್ದರೂ ಕೈಯಲ್ಲಿ ಉಳಿಯುವುದು ಮೂರೇ ಸೆಕೆಂಡು.

ಅಮೆರಿಕದ ಸರೋವರ, ಜಲಾಶಯಗಳಲ್ಲಿ ಬಾಸ್ ಮೀನು ಹಿಡಿಯಲೆಂದೇ ರೂಪುಗೊಂಡ ಬಾಸ್ ಬೋಟ್ ಈ ವೇಗವನ್ನು ಸಲೀಸಾಗಿ ಮುಟ್ಟುತ್ತದೆ. ಸಾಮಾನ್ಯವಾಗಿ 18ರಿಂದ 21 ಅಡಿ ಉದ್ದ, ನೀರಿಗೆ ತಗ್ಗಾಗಿ ಕೂರುವ ಫೈಬರ್‌ಗ್ಲಾಸ್ ಒಡಲು, ಹಿಂಬದಿಗೆ 200–250 ಹಾರ್ಸ್‌ಪವರ್‌ನ ಔಟ್‌ಬೋರ್ಡ್ ಎಂಜಿನ್. ಹೊಸದಾಗಿ ಕೊಂಡವರಿಗೆ ಸ್ಪೀಡೋಮೀಟರ್ ಎಲ್ಲಿವರೆಗೆ ಹೋಗುತ್ತದೆ ಎಂದು ನೋಡುವ ಆತುರ. ನಾನು ಹೇಳುವುದು ಇಷ್ಟೇ: ಮೊದಲು ವೇಗ ಇಳಿಸುವುದನ್ನು ಕೈಗೂ ಕಾಲಿಗೂ ರೂಢಿ ಮಾಡಿಸಿ. ಏರಿಸುವುದನ್ನು ಆಮೇಲೆ ಕಲಿತರಾಯಿತು.

ಹೊರಡುವ ಮುನ್ನ

ಬಳ್ಳಿ ಎಳೆದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ದೋಣಿಯಲ್ಲಿರುತ್ತದೆ. ಅದರ ಬಳ್ಳಿಯನ್ನು ಲೈಫ್ ಜಾಕೆಟ್‌ನ ಗಟ್ಟಿ ಬಳೆಗೆ ಸಿಕ್ಕಿಸಿಕೊಳ್ಳಿ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗಲೇ ಒಮ್ಮೆ ಎಳೆದು ನೋಡಿ. ಎಂಜಿನ್ ತಕ್ಷಣ ನಿಲ್ಲಬೇಕು. ನಿಲ್ಲದಿದ್ದರೆ ಅಂದು ದೋಣಿ ದಡ ಬಿಡುವುದು ಬೇಡ. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕದಾದ, ಈ ಸ್ವಿಚ್ ಇರುವ ಮೋಟಾರು ದೋಣಿಗಳು ವೇಗವಾಗಿ ಸಾಗುವಾಗ ಚಾಲಕ ಬಳ್ಳಿ ಕಟ್ಟಿಕೊಂಡಿರಬೇಕೆಂಬ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಇದಕ್ಕೆ ಬಲವಾದ ಕಾರಣವಿದೆ. ಚಾಲಕ ಎಗರಿ ನೀರಿಗೆ ಬಿದ್ದಾಗ ಎಂಜಿನ್ ಓಡುತ್ತಲೇ ಇದ್ದರೆ, ಪ್ರೊಪೆಲ್ಲರ್‌ನ ಸೆಳೆತಕ್ಕೆ ಸ್ಟಿಯರಿಂಗ್ ಒಂದು ಕಡೆ ತಿರುಗಿಕೊಳ್ಳುತ್ತದೆ. ಖಾಲಿ ದೋಣಿ ಸುತ್ತು ಹೊಡೆದು, ಬಿದ್ದವನ ಮೇಲೆಯೇ ಬರಬಹುದು.

ಇನ್ನು ಸ್ಟಿಯರಿಂಗ್. ಎಂಜಿನ್ ಬಂದ್ ಮಾಡಿ, ಒಬ್ಬರು ಚಕ್ರವನ್ನು ಅಲುಗದಂತೆ ಹಿಡಿಯಲಿ, ಇನ್ನೊಬ್ಬರು ಹಿಂದೆ ಹೋಗಿ ಮೋಟಾರನ್ನು ಎಡಕ್ಕೂ ಬಲಕ್ಕೂ ತಳ್ಳಲಿ. ಕಟಕಟ ಎಂದು ಸಡಿಲವಾಗಿ ಅಲ್ಲಾಡಿದರೆ ಕೇಬಲ್ ಸವೆದಿರಬಹುದು, ಬೋಲ್ಟ್ ಸಡಿಲಾಗಿರಬಹುದು. ಹೈಡ್ರಾಲಿಕ್ ಆದರೆ ಒಳಗೆ ಗಾಳಿ ಸೇರಿರಬಹುದು. ನಿಧಾನವಾಗಿ ಹೋಗುವಾಗ ಈ ಸಡಿಲ ಗೊತ್ತೇ ಆಗುವುದಿಲ್ಲ. ಪೂರ್ತಿ ವೇಗದಲ್ಲಿ ದೋಣಿ ಓಲಾಡಲು ಇಷ್ಟೇ ಸಾಕು.

ಮೀನು ಹಿಡಿಯುವಾಗ ದೋಣಿಯನ್ನು ಮೆಲ್ಲನೆ ಸಾಗಿಸುವ, ಮೂತಿಯಲ್ಲಿರುವ ಚಿಕ್ಕ ಟ್ರೋಲಿಂಗ್ ಮೋಟಾರ್, ಗಾಳಗಳು, ಡಬ್ಬದ ಮುಚ್ಚಳಗಳು ಬಿಗಿಯಾಗಿರಲಿ. ಮೀನು ಹಿಡಿಯುವಾಗ ಕೂರುವ ಎತ್ತರದ ಸ್ಟೂಲಿನ ಮೇಲೆ ಓಟದ ವೇಳೆ ಯಾರೂ ಕೂರಬಾರದು. ಭಾರ ಎರಡೂ ಪಕ್ಕಕ್ಕೆ ಸಮನಾಗಿರಲಿ.

ಟ್ರಿಮ್: ಬೆರಳ ತುದಿಯ ಕೆಲಸ

ಟ್ರಿಮ್ ಎಂದರೆ ಹಿಂಬದಿಯ ಮೋಟಾರನ್ನು ಒಳಕ್ಕೋ ಹೊರಕ್ಕೋ ಓರೆ ಮಾಡಿ ಮೂತಿಯ ಎತ್ತರ ಹೊಂದಿಸುವುದು. ಮೋಟಾರನ್ನು ಪೂರ್ತಿ ಒಳಕ್ಕೆ, ಅಂದರೆ ದೋಣಿಯ ಕಡೆಗೆ, ಇಳಿಸಿಕೊಂಡು ಹೊರಡಿ. ಥ್ರಾಟಲ್ ಒತ್ತಿದಾಗ ಮೂತಿ ಮೇಲೆದ್ದು ಮುಂದಿನದೇನೂ ಕಾಣದ ಒಂದೆರಡು ಕ್ಷಣ ಬರುತ್ತದೆ. ಒತ್ತುವ ಮುನ್ನವೇ ದಾರಿ ನೋಡಿಟ್ಟುಕೊಳ್ಳಿ. ಮೂತಿ ಇಳಿದು ದೋಣಿ ನೀರಿನ ಮೇಲ್ಮೈಗೆ ಬಂದು ಜಾರತೊಡಗಿದ ಮೇಲೆ ಮೋಟಾರ್ ಹೊರಕ್ಕೆ ಓರೆಯಾಗುವಂತೆ ಟ್ರಿಮ್ ಸ್ವಿಚ್ ಮುಟ್ಟಿ. ಒಂದು ತಟ್ಟು, ಒಂದು ಕ್ಷಣ ಬಿಡುವು, ಮತ್ತೊಂದು ತಟ್ಟು.

ಪ್ರತಿ ತಟ್ಟಿಗೂ ದೋಣಿ ಉತ್ತರ ಕೊಡುತ್ತದೆ. ಮೂತಿ ಕೊಂಚ ಏರುತ್ತದೆ. ಪಕ್ಕದಲ್ಲಿ ನೀರು ಸಿಡಿಯುವ ಜಾಗ ಹಿಂದಕ್ಕೆ ಸರಿಯುತ್ತದೆ. ಸ್ಟಿಯರಿಂಗ್ ಹಗುರಾಗುತ್ತದೆ. ಎಂಜಿನ್ನಿನ ಸುತ್ತು ಏರಿದರೂ ವೇಗ ಏರದಿದ್ದರೆ ಅತಿಯಾಯಿತು, ಪ್ರೊಪೆಲ್ಲರ್ ಜಾರುತ್ತಿದೆ ಎಂದರ್ಥ. ಮೂತಿ ಎದ್ದು ಬಿದ್ದು ಕುಪ್ಪಳಿಸತೊಡಗಿದರೂ ಟ್ರಿಮ್ ಒಂದು ತಟ್ಟು ಇಳಿಸಿ. ಮೋಟಾರನ್ನು ನೇರವಾಗಿ ಮೇಲೆತ್ತುವ ಜಾಕ್ ಪ್ಲೇಟ್ ಇದ್ದರೆ ಎತ್ತುವಾಗ ಕಣ್ಣು ನೀರಿನ ಒತ್ತಡದ ಮಾಪಕದ ಮೇಲಿರಲಿ. ಮುಳ್ಳು ಬಿದ್ದರೆ ಎಂಜಿನ್ ತಂಪಾಗಲು ನೀರು ಸಾಲುತ್ತಿಲ್ಲ ಎಂದೇ ಲೆಕ್ಕ.

ಕಾಲಿನಿಂದ ಒತ್ತುವ ಥ್ರಾಟಲ್ ಹಾಕಿಸಿಕೊಳ್ಳುವುದು ಒಳ್ಳೆಯದು. ವೇಗದಲ್ಲಿ ಎರಡೂ ಕೈ ಚಕ್ರದ ಮೇಲೇ ಇರಬೇಕು, ಟ್ರಿಮ್‌ನ ಸ್ವಿಚ್ಚೂ ಬೆರಳಿಗೆ ಸಿಗುವಷ್ಟು ಹತ್ತಿರ ಇರಬೇಕು. ಹಿಮ್ಮಡಿಯನ್ನು ನೆಲಕ್ಕೆ ಊರಿ ಕೂರಿ. ಇಲ್ಲವಾದರೆ ಅಲೆ ಕುಲುಕಿದಾಗಲೆಲ್ಲ ಪಾದವೇ ಥ್ರಾಟಲ್ ಒತ್ತಿಬಿಡುತ್ತದೆ.

ಚೈನ್ ವಾಕ್

ನಿಜವಾದ ಪರೀಕ್ಷೆ ಇಲ್ಲಿಂದ ಶುರು. ಚೈನ್ (chine) ಎಂದರೆ ಒಡಲಿನ ತಳವೂ ಪಕ್ಕವೂ ಸೇರುವ ಅಂಚು; ದೋಣಿ ಒಂದು ಅಂಚಿನಿಂದ ಇನ್ನೊಂದಕ್ಕೆ ಓಲಾಡುವುದೇ ಚೈನ್ ವಾಕ್. ಪೂರ್ತಿ ವೇಗದಲ್ಲಿ ಒಡಲಿನ ಬಹುಭಾಗ ನೀರು ಬಿಟ್ಟು ಮೇಲೆದ್ದಿರುತ್ತದೆ. ನೀರಿಗೆ ತಾಗಿರುವುದು ತಳದ ನಡುವೆ, ಹಿಂಭಾಗದಲ್ಲಿರುವ ಪ್ಯಾಡ್ ಎಂಬ ಕಿರಿದಾದ ಚಪ್ಪಟೆ ಪಟ್ಟಿ ಮಾತ್ರ. ಸಾಮಾನ್ಯ ಪ್ರೊಪೆಲ್ಲರ್ ಹಿಂದಿನಿಂದ ನೋಡಿದರೆ ಬಲಕ್ಕೆ ತಿರುಗುತ್ತದೆ. ಅದರ ಪ್ರತಿಬಲ ದೋಣಿಯ ಎಡಪಕ್ಕವನ್ನು ಕೆಳಕ್ಕೆ ಒತ್ತುತ್ತದೆ. ಎಡ ಅಂಚು ನೀರಿಗೆ ತಾಗಿ ಪುಟಿಯುತ್ತದೆ, ದೋಣಿ ಬಲಕ್ಕೆ ವಾಲುತ್ತದೆ, ಆ ಅಂಚೂ ತಾಗಿ ಮತ್ತೆ ಎಡಕ್ಕೆ. ತಡೆಯದಿದ್ದರೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದು. ಕೊನೆಗೆ ಒಳಗಿದ್ದವರು ಹೊರಗೆ.

ಇದರ ಮೊದಲ ಸುಳಿವು ಕೂತ ಸೀಟಿಗೆ ಸಿಗುತ್ತದೆ. ಸೊಂಟ ಮೆಲ್ಲನೆ ಎಡಕ್ಕೆ ಜಗ್ಗಿದಂತೆ, ಮರುಕ್ಷಣ ಬಲಕ್ಕೆ. ಅಷ್ಟರಲ್ಲೇ ಚಕ್ರವನ್ನು ಒಂದೇ ಒಂದು ಬೆರಳಗಲ ತಿರುಗಿಸಿ ದೋಣಿಯನ್ನು ಪ್ಯಾಡ್ ಮೇಲೆ ಕೂರಿಸಬೇಕು. ಅಂಗೈ ಮೇಲೆ ಕೋಲು ನಿಲ್ಲಿಸುವಾಗ ಅದು ವಾಲುವ ಮುನ್ನವೇ ಕೈ ಸರಿಯುತ್ತದಲ್ಲ, ಹಾಗೆ. ವಾಲಿದ ಮೇಲೆ ಗಾಬರಿಯಿಂದ ತಿರುಗಿಸಿದರೆ ತಾಳ ತಪ್ಪಿ, ನಮ್ಮ ಕೈಯೇ ಓಲಾಟಕ್ಕೆ ಬಲ ಕೊಡುತ್ತದೆ. ಈ ಹದ ಓದಿ ಬರುವುದಿಲ್ಲ, ಅನುಭವಿ ಚಾಲಕರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕಲಿಯಬೇಕು.

ಓಲಾಟ ಕೈ ಮೀರುತ್ತಿದೆ ಎನ್ನಿಸಿದರೆ ಚಕ್ರ ನೇರವಾಗಿ ಹಿಡಿದು ಥ್ರಾಟಲ್ ಸ್ವಲ್ಪವೇ ಸಡಿಲಿಸಿ. ಜತೆಗೆ ಟ್ರಿಮ್ ಒಂದು ತಟ್ಟು ಕೆಳಕ್ಕೆ. ಒಡಲಿನ ಇನ್ನಷ್ಟು ಭಾಗ ನೀರಿಗೆ ಕೂತು ದೋಣಿ ಸ್ಥಿರವಾಗುತ್ತದೆ. ಕಾಲನ್ನು ಒಮ್ಮೆಲೇ ತೆಗೆಯುವುದು ಮಾತ್ರ ಬೇಡವೇ ಬೇಡ. ಹೆದರಿದ ಕಾಲು ಮಾಡುವುದೇ ಅದನ್ನು, ಅದಕ್ಕೇ ಅಭ್ಯಾಸ ಬೇಕೆನ್ನುವುದು. ಮೂತಿ ಧಡಕ್ಕನೆ ಇಳಿದು ಮುಂದಿನ ಚೂಪು ಭಾಗ ನೀರಿಗೆ ಕಚ್ಚಿಕೊಂಡರೆ ಹಿಂಬದಿ ಸುತ್ತಿ ಮುಂದೆ ಬರುತ್ತದೆ. ಗಂಟೆಗೆ 65 ಕಿ.ಮೀ. ಆಸುಪಾಸಿನಲ್ಲಿ ಮೆಲ್ಲನೆ ಏರಿಸಿ ಮೆಲ್ಲನೆ ಇಳಿಸಿ ಪಾದವನ್ನು ಪಳಗಿಸಿ. ಅಲ್ಲಿಂದ ಎಂಟು ಹತ್ತು ಕಿ.ಮೀ.ನಂತೆ ಮಾತ್ರ ಮೇಲಕ್ಕೆ ಹೋಗಿ.

ತಿರುವು, ಗಾಳಿ, ಅಲೆ

ತಿರುವಿಗೆ ಮುಂಚೆಯೇ ವೇಗ ಇಳಿಸಿ, ಟ್ರಿಮ್ ಸ್ವಲ್ಪ ತಗ್ಗಿಸಿ, ಸಮನಾದ ಥ್ರಾಟಲ್‌ನಲ್ಲಿ ತಿರುಗಿ. ಎದುರುಗಾಳಿ ಬೀಸಿದರೆ ಎತ್ತಿದ ಮೂತಿಯ ಅಡಿಗೆ ಗಾಳಿ ನುಗ್ಗುತ್ತದೆ, ಆಗಲೂ ಟ್ರಿಮ್ ತಗ್ಗಲಿ. ಬೇರೆ ದೋಣಿ ಎಬ್ಬಿಸಿದ ಅಲೆಯನ್ನು ನಿಧಾನವಾಗಿ, ಓರೆಯಾಗಿ ದಾಟಿ. ಅಲೆಗಳು ಹಿಂದಿನಿಂದ ಬರುತ್ತಿದ್ದರೆ ಮೂತಿ ಕೊಂಚ ಎತ್ತರದಲ್ಲಿರಬೇಕು. ಇಲ್ಲವಾದರೆ ಅದು ಮುಂದಿನ ಅಲೆಯ ಬೆನ್ನಿಗೆ ಚುಚ್ಚಿಕೊಳ್ಳುತ್ತದೆ.

ಕನ್ನಡಿಯಂತೆ ನಿಂತ ನೀರು ವೇಗಕ್ಕೆ ಹೇಳಿ ಮಾಡಿಸಿದ್ದು ಎಂದು ಹೊಸಬರು ಅಂದುಕೊಳ್ಳುತ್ತಾರೆ. ಆದರೆ ಹಾಗಲ್ಲ. ಹಗುರಾದ ತೆರೆಯಿದ್ದರೆ ತಳದಡಿ ಗಾಳಿ ಸೇರಿ ದೋಣಿ ಬಿಡುಬೀಸಾಗಿ ಜಾರುತ್ತದೆ, ನಿಂತ ನೀರು ತಳವನ್ನು ಹಿಡಿದಂತೆ ಮಾಡುತ್ತದೆ. ಮೇಲಾಗಿ ಆಕಾಶದ ಪ್ರತಿಬಿಂಬದಲ್ಲಿ ತೇಲುವ ಕೊರಡು ಕಾಣದೇ ಹೋಗಬಹುದು. ಬೆಳಗ್ಗೆ, ಸಂಜೆಯ ಇಳಿಬಿಸಿಲಿಗೆ ಎದುರಾಗಿ ಪೂರ್ತಿ ವೇಗ ಬೇಡ. ನೀರಿನ ಮೇಲಿನ ಹೊಳಪು ತಗ್ಗಿಸುವ ಪೋಲರೈಸ್ಡ್ ಕನ್ನಡಕ ಇದ್ದರೂ ಇದೇ ಮಾತು.

ನಿಲ್ಲಿಸುವುದು

ಮೊದಲು ಹಿಂದೆ ತಿರುಗಿ ನೋಡಿ. ನಿಮ್ಮದೇ ಜಾಡಿನಲ್ಲಿ ಇನ್ನೊಂದು ದೋಣಿ ಬರುತ್ತಿರಬಹುದು. ನೇರ ದಾರಿಯಲ್ಲಿ ಥ್ರಾಟಲ್ ನಿಧಾನವಾಗಿ ಬಿಡಿ, ಬಳಿಕ ಟ್ರಿಮ್ ಒಳಕ್ಕೆ ತನ್ನಿ. ದೋಣಿ ನೀರಿಗೆ ಕೂರುವ ಹೊತ್ತಿಗೆ ಅದು ತಾನೇ ಎಬ್ಬಿಸಿದ ಅಲೆ ಹಿಂದಿನಿಂದ ಬರುತ್ತದೆ. ಬಾಸ್ ಬೋಟ್‌ನ ಹಿಂಬದಿ ತಗ್ಗು. ಥಟ್ಟನೆ ನಿಂತರೆ ಆ ಅಲೆ ಏರಿ ಒಳಗೆ ಸುರಿಯುತ್ತದೆ. ಅದು ಅಡಿಯಿಂದ ಹಾದು ಮುಂದೆ ಹೋಗುವ ತನಕ ಥ್ರಾಟಲ್ ಮೇಲೆ ಪಾದದ ಹಗುರ ಒತ್ತಡ ಇರಲಿ. ಆಮೇಲೆ ಕಾಲು ತೆಗೆಯಿರಿ.