ತಲೆಸ್ನಾನವೆಂದರೆ ಚೀರುವ ಮಗುವಿಗೆ ನೀರು ಹಾಕುವುದು ಹೇಗೆ

ತಲೆಗೆ ನೀರು ಬಿದ್ದರೆ ಚೀರಾಟ, ಉಗುರು ಕತ್ತರಿಸಲು ಕೂರಿಸಿದರೆ ಒದ್ದಾಟ, ಮಿಕ್ಸಿ ಶುರುವಾದರೆ ಮಂಚದಡಿ ಓಟ. ಮನೆಯ ಹಿರಿಯರು ಇದನ್ನು ಹಟ ಎನ್ನುತ್ತಾರೆ. ಹಟ ಹಿಡಿದ ಮಗು ಕೇಳಿದ್ದು ಸಿಕ್ಕರೆ ಸುಮ್ಮನಾಗುತ್ತದೆ. ಸ್ಪರ್ಶ, ಸದ್ದು ತಾಳಲಾಗದ ಮಗುವಿಗೆ ಚಾಕೊಲೇಟ್ ಕೊಟ್ಟರೂ ಅಳು ನಿಲ್ಲದು. ಸದ್ದು ನಿಂತ ಮೇಲೂ ಸುಧಾರಿಸಿಕೊಳ್ಳಲು ಹೊತ್ತು ಬೇಕು.

ಮೊದಲ ಒಂದು ವಾರ ಏನನ್ನೂ ಬದಲಿಸದೆ ಬರೆದಿಡಿ: ಎಷ್ಟು ಗಂಟೆಗೆ, ಅದಕ್ಕೆ ಮುಂಚೆ ಏನು ನಡೆದಿತ್ತು, ಮಗು ಏನು ಮಾಡಿತು, ಸರಿಹೋಗಲು ಎಷ್ಟು ಹೊತ್ತು ಹಿಡಿಯಿತು. ನಿದ್ದೆ, ಹಸಿವು, ಮಲಬದ್ಧತೆಯನ್ನೂ ಸೇರಿಸಿ. ಬೆಳಿಗ್ಗೆ ತಾಳಿಕೊಂಡದ್ದನ್ನೇ ಸಂಜೆ ತಾಳದಿದ್ದರೆ ಅಚ್ಚರಿಪಡಬೇಡಿ, ಶಾಲೆಯ ಗದ್ದಲವೆಲ್ಲ ಅಷ್ಟು ಹೊತ್ತಿಗೆ ಮೈಯಲ್ಲಿ ತುಂಬಿರುತ್ತದೆ. ತಲೆ ಮುಟ್ಟಗೊಡದ ಮಗುವೇ ಸೋಫಾಗೆ ಡಿಕ್ಕಿ ಹೊಡೆಯುತ್ತಾ, ದಿಂಬುಗಳ ನಡುವೆ ನುಸುಳುತ್ತಾ ಇರಬಹುದು. ಮೆಲ್ಲನೆ ಸವರಿದರೆ ಇಂಥ ಮಕ್ಕಳ ಮೈ ಬೆಚ್ಚುತ್ತದೆ. ಗಟ್ಟಿಯಾಗಿ ಒತ್ತಿದರೆ, ಸ್ನಾಯು ಕೀಲುಗಳಿಗೆ ಕೆಲಸ ಬಿದ್ದರೆ, ಹೆಚ್ಚಿನವರು ತಣ್ಣಗಾಗುತ್ತಾರೆ. ಕೆಳಗಿನದೆಲ್ಲ ಇದರ ಮೇಲೆಯೇ ನಿಂತಿದೆ.

ಸ್ನಾನಕ್ಕೆ ಕಾಲು ಗಂಟೆ ಮುಂಚೆ ಮೈಗೆ ಕೆಲಸ ಕೊಡಿ. ಚಪಾತಿ ಹಿಟ್ಟು ನಾದಲಿ, ಎರಡೂ ಅಂಗೈಯಿಂದ ಗೋಡೆಯನ್ನು ಹತ್ತು ಸಲ ತಳ್ಳಲಿ, ಐದು ವರ್ಷದ ಮಗುವಾದರೆ ಒಂದೆರಡು ಲೀಟರ್ ನೀರಿನ ಪಾತ್ರೆ ಹೊತ್ತು ತರಲಿ. ಬಕೆಟ್ಟನ್ನು ಮಗು ಬರುವ ಮೊದಲೇ ತುಂಬಿಸಿ, ನಲ್ಲಿ ಮುಚ್ಚಿ. ಟೈಲ್ಸ್ ಬಚ್ಚಲಲ್ಲಿ ಸ್ಟೀಲ್ ಬಕೆಟ್ಟಿಗೆ ನೀರು ಬೀಳುವ ಸದ್ದಿಗೇ ಎಷ್ಟೋ ಮಕ್ಕಳು ಬಾಗಿಲಲ್ಲೇ ಅಳು ತೆಗೆಯುತ್ತಾರೆ. ಪ್ಲಾಸ್ಟಿಕ್ ಬಕೆಟ್ ವಾಸಿ. ನೀರು 37 ಡಿಗ್ರಿ ಆಸುಪಾಸು, ಮೊಣಕೈಗೆ ಬೆಚ್ಚಗೆನಿಸುವಷ್ಟು ಸಾಕು.

ಪಾದ ನೆಲಕ್ಕೆ ಊರುವಂತೆ ಗಿಡ್ಡ ಸ್ಟೂಲಿನ ಮೇಲೆ ಕೂರಿಸಿ. ತಲೆಯನ್ನು ಹಿಂದಕ್ಕೆ ಬಗ್ಗಿಸಬೇಡಿ, ಸಮತೋಲ ತಪ್ಪಿ ಬೀಳುತ್ತಿದ್ದೇನೆ ಅನಿಸಿ ಮಗು ಗಾಬರಿಯಾಗುತ್ತದೆ. ಮಡಚಿದ ಒಣ ಟವೆಲನ್ನು ಮಗುವೇ ತನ್ನ ಕಣ್ಣಿಗೆ ಒತ್ತಿ ಹಿಡಿದು ಮುಂದಕ್ಕೆ ಬಾಗಲಿ. ಚೊಂಬಿನ ಅಂಚು ತಲೆಗೆ ತಾಗಿಸಿಯೇ ನೀರು ಬಿಡಿ. ಎತ್ತರದಿಂದ ಬೀಳುವ ಹನಿ, ಶವರ್ ಎರಡೂ ಬೇಡ. ಶಾಂಪೂವನ್ನು ನೇರ ತಲೆಗೆ ಹಾಕದೆ ಒಂದು ಸಣ್ಣ ಚಮಚದಷ್ಟನ್ನು ಅರ್ಧ ಚೊಂಬು ನೀರಿಗೆ ಬೆರೆಸಿ. ಸೀಗೆಪುಡಿ ಕಣ್ಣಿಗೆ ಉರಿ, ಸದ್ಯಕ್ಕೆ ಬಿಡಿ. ಬೆರಳ ತುದಿಯಿಂದ ಕೆರೆಯದೆ ಅಂಗೈಯಿಂದ ಒತ್ತಿ ತಿಕ್ಕಿ.

"ಇವತ್ತು ಆರು ಚೊಂಬು" ಎಂದು ಮೊದಲೇ ಹೇಳಿ, ಜೋರಾಗಿ ಎಣಿಸಿ, ಆರಕ್ಕೆ ನಿಲ್ಲಿಸಿ. ನೊರೆ ಸ್ವಲ್ಪ ಉಳಿದರೆ ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಿರಿ. ಏಳನೆಯದು ಬಿದ್ದರೆ ಮುಂದಿನ ವಾರ ನಿಮ್ಮ ಎಣಿಕೆಯನ್ನು ಮಗು ನಂಬುವುದಿಲ್ಲ. ನಡುವೆ ಕೈ ಎತ್ತಿದರೆ ಹತ್ತು ಸೆಕೆಂಡ್ ಬಿಡುವು ಕೊಡಿ. ಇಬ್ಬರು ಸೇರಿ ಹಿಡಿದು ನೀರು ಹಾಕಿದರೆ ಅವತ್ತಿನ ಸ್ನಾನ ಮುಗಿಯುತ್ತದೆ, ಆದರೆ ಆಮೇಲೆ ಭಯ ಬಚ್ಚಲಿನ ಹೆಸರಿಗೇ ಅಂಟಿಕೊಳ್ಳುತ್ತದೆ. ಇದೊಂದನ್ನು ದಯವಿಟ್ಟು ಮಾಡಬೇಡಿ.

ಉಗುರನ್ನು ಸ್ನಾನವಾದ ಕೂಡಲೇ, ಮೆತ್ತಗಿರುವಾಗ ಕತ್ತರಿಸಿ. ಪ್ರತಿ ಬೆರಳ ತುದಿಯನ್ನು ಮೊದಲು ಗಟ್ಟಿಯಾಗಿ ಒತ್ತಿ. ಇವತ್ತು ಒಂದು ಕೈ, ನಾಳೆ ಇನ್ನೊಂದು.

ಹೊಸ ಯೂನಿಫಾರ್ಮನ್ನು ಶಾಲೆ ಶುರುವಾಗುವ ಮೊದಲೇ ನಾಲ್ಕೈದು ಸಲ ಒಗೆಯಿರಿ. ಲೇಬಲನ್ನು ಕತ್ತರಿಸಿದರೆ ಉಳಿದ ತುಂಡು ಇನ್ನೂ ಚುಚ್ಚುತ್ತದೆ, ಹೊಲಿಗೆ ಬಿಚ್ಚಿ ತೆಗೆಯಬೇಕು. ಬನಿಯನ್, ಸಾಕ್ಸ್ ಒಳಮೈ ಹೊರಗಾಗಿ ಹಾಕಿದರೆ ಯಾರಿಗೂ ನಷ್ಟವಿಲ್ಲ.

ಮಿಕ್ಸಿ ಹಾಕುವ ಮುಂಚೆ ಹೇಳಿ, ಮಗು ಬೇರೆ ಕೋಣೆಗೆ ಹೋಗಲಿ. ಇಷ್ಟಪಟ್ಟರೆ ಮುಚ್ಚಳ ಭದ್ರವಿರುವ ಖಾಲಿ ಜಾರಿನಲ್ಲಿ, ನೀವು ಪಕ್ಕದಲ್ಲಿದ್ದು, ಎರಡು ಸೆಕೆಂಡ್ ತಾನೇ ಸ್ವಿಚ್ ಒತ್ತಲಿ. ತನ್ನ ಕೈಯಲ್ಲಿರುವ ಸದ್ದು ಅಷ್ಟು ಹೆದರಿಸುವುದಿಲ್ಲ. ಸದ್ದು ತಗ್ಗಲೆಂದು ಮಿಕ್ಸಿಯಡಿ ಟವೆಲ್ ಹಾಸಬೇಡಿ, ಕೆಳಗಿನ ಗಾಳಿಕಿಂಡಿ ಮುಚ್ಚಿ ಮೋಟರ್ ಬಿಸಿಯಾಗುತ್ತದೆ. ಕಿವಿ ಮುಚ್ಚುವ ಇಯರ್‌ಮಫ್ ಕಲ್ಯಾಣಮಂಟಪಕ್ಕೆ, ದೀಪಾವಳಿ ರಾತ್ರಿಗೆ ಇರಲಿ. ದಿನವಿಡೀ ಹಾಕಿದರೆ ಸಾಮಾನ್ಯ ಸದ್ದೂ ಸಹಿಸದಂತಾಗಬಹುದು.

ಉಯ್ಯಾಲೆ ನೇರವಾಗಿ, ನಿಧಾನವಾಗಿ ತೂಗಿದರೆ ಸಮಾಧಾನ ತರುತ್ತದೆ. ಗಿರಗಿರ ತಿರುಗಿಸಿದರೆ ಕೆರಳಿಸುತ್ತದೆ. ಮುಖ ಬಿಳುಚಿದರೆ, ಬೆವರಿದರೆ ತಕ್ಷಣ ನಿಲ್ಲಿಸಿ. ಮೈಗೆ ಬ್ರಷ್ ಉಜ್ಜುವ ವಿಧಾನ, ಭಾರದ ಹೊದಿಕೆ ಇವನ್ನು ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಚಟುವಟಿಕೆಗಳಿಗೆ ನೆರವಾಗುವ ಚಿಕಿತ್ಸಕರು) ಹೇಳದೆ ಶುರುಮಾಡಬೇಡಿ. ತಾನೇ ಹೊದಿಕೆ ಸರಿಸಲಾರದ ಮಗುವಿನ ಮೇಲೆ ಭಾರ ಹಾಕುವುದು ಅಪಾಯ.

ಮಾನಸಿಕ ಕಾಯಿಲೆ ಗುರುತಿಸಲು ವೈದ್ಯರು ಬಳಸುವ ಅಮೆರಿಕದ ಕೈಪಿಡಿಯಾದ 2013ರ ಡಿಎಸ್‌ಎಂ-5ರಲ್ಲಿ ಸ್ಪರ್ಶ, ಸದ್ದು ತಾಳಲಾಗದ ಈ ತೊಂದರೆಗೆ ಪ್ರತ್ಯೇಕ ಕಾಯಿಲೆಯ ಪಟ್ಟವಿಲ್ಲ, ಆಟಿಸಂ ಲಕ್ಷಣಗಳ ಪಟ್ಟಿಯಲ್ಲಿ ಮಾತ್ರ ಸೇರಿದೆ. ಆದ್ದರಿಂದ ಚೀಟಿಯಲ್ಲಿ ಬರೆದ ಒಂದು ಕಾಯಿಲೆಯ ಹೆಸರಿಗೆ ನಿಲ್ಲದೆ ಬೆಳವಣಿಗೆಯ ಪೂರ್ತಿ ತಪಾಸಣೆ ಕೇಳಿ. ಶ್ರವಣ ಪರೀಕ್ಷೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಉಳಿದದ್ದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ ಇವೆ. ಆಡುತ್ತಿದ್ದ ಮಾತು ನಿಂತುಹೋದರೆ, ಕರೆದರೂ ಓಗೊಡದೆ ಆಗಾಗ ಒಂದೇ ಕಡೆ ದಿಟ್ಟಿಸಿದರೆ, ನಾಲ್ಕೈದೇ ತಿನಿಸಿಗೆ ಅಂಟಿಕೊಂಡು ತೂಕ ಇಳಿದರೆ, ಮನೆಯ ಉಪಾಯಗಳ ಫಲಕ್ಕೆ ಕಾಯದೆ ಆ ವಾರವೇ ಮಕ್ಕಳ ವೈದ್ಯರಿಗೆ ತೋರಿಸಿ.