ಬೀದರ್ ಹತ್ತಿರ ಕರಗಿದ ಬೆಸುಗೆ

ಡೊಂಬಿವಲಿಯ ನಮ್ಮ ಮನೆಯಿಂದಲೇ ನಾನು ಕೇಕ್ ಮಾಡಿ ಕೊಡುತ್ತೇನೆ. ಎಗ್‌ಲೆಸ್ ಜಾಸ್ತಿ. ಒಂದು ಸಲ ಇಲ್ಲಿನ ಕನ್ನಡದ ಗೆಳತಿಯರು ರಾಜ್ಯೋತ್ಸವಕ್ಕೆ ಕರ್ನಾಟಕದ ನಕ್ಷೆಯ ಆಕಾರದ ಕೇಕ್ ಕೇಳಿದರು. ಚೌಕದ ಕೇಕನ್ನೇ ಕತ್ತರಿಸಬಹುದಿತ್ತು. ಆದರೆ ಕತ್ತರಿಸಿದ ಅಂಚು ಪುಡಿ ಉದುರಿಸುತ್ತದೆ, ಮೇಲೆ ಕ್ರೀಮ್ ನುಣ್ಣಗೆ ಕೂರುವುದಿಲ್ಲ. ಅಚ್ಚನ್ನೇ ಮಾಡಿಸಿಬಿಡೋಣ ಅನ್ನಿಸಿತು.

ಕ್ರಾಫರ್ಡ್ ಮಾರ್ಕೆಟ್‌ನಲ್ಲಿ ಹೃದಯ, ನಕ್ಷತ್ರ, ಗೊಂಬೆ ಎಲ್ಲ ಆಕಾರದ ಅಲ್ಯೂಮಿನಿಯಂ ಟಿನ್ ಇವೆ. ಕರ್ನಾಟಕ ಎಲ್ಲಿ ಸಿಗಬೇಕು? ತಗಡಿನ ಕೆಲಸ ಮಾಡುವವರೊಬ್ಬರಿಗೆ ಕಾಗದದ ಮೇಲೆ ನಕ್ಷೆ ಬರೆದು ಕೊಟ್ಟೆ. ಬೀದರ್‌ನಿಂದ ಚಾಮರಾಜನಗರಕ್ಕೆ 14 ಇಂಚು. ಯಾವ ಪತ್ರಾ, ಅಂದರೆ ತಗಡು, ಬೇಕು ಎಂದು ಕೇಳಿದರು. ತುಕ್ಕು ಹಿಡಿಯದ್ದು ಎಂದೆ. ಅಲ್ಲೇ ಎಡವಿದೆ. ಡಕ್ಟು, ಕೂಲರು ಮಾಡುವವರಿಗೆ ತುಕ್ಕು ಹಿಡಿಯದ ತಗಡೆಂದರೆ ಜಿಐ, ಅಂದರೆ ಸತುವಿನ ಲೇಪ ಇರುವ ಕಬ್ಬಿಣ. ಅವರನ್ನು ದೂರುವಂತಿಲ್ಲ. ಅದರಲ್ಲಿ ತಿನ್ನುವ ವಸ್ತು ಬೇಯುತ್ತದೆ ಎಂದು ನಾನು ಬಾಯಿ ಬಿಟ್ಟು ಹೇಳಿರಲೇ ಇಲ್ಲ.

ಅಚ್ಚು ಚೆಂದವಾಗಿಯೇ ಬಂತು. ನಮ್ಮತ್ತೆ ಧಾರವಾಡದವರು. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಕೇಕಿಗೆ ಮಸರು ಹಾಕ್ತಿ, ವಿನೆಗರ್ ಹಾಕ್ತಿ. ಇದು ಕಿಲುಬೂದಿಲ್ಲೇನ?" ಎಂದರು. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಡಬಾರದು ಅಂತ ನನಗೂ ಗೊತ್ತು. ಆದರೂ, ಇದು ಹಿತ್ತಾಳೆ ಅಲ್ವಲ್ಲ ಅತ್ತೆ ಎಂದು ಮಾತು ತೇಲಿಸಿದೆ.

ಹೊಸ ಅಚ್ಚು ಪಳಗಲಿ ಅಂತ ಎಣ್ಣೆ ಸವರಿ, ಖಾಲಿಯೇ ಓವನ್ನಿನಲ್ಲಿಟ್ಟೆ. 180 ಡಿಗ್ರಿ. ಇಪ್ಪತ್ತು ನಿಮಿಷಕ್ಕೆ ತೆಗೆದರೆ, ಬೀದರ್ ಹತ್ತಿರ ಎರಡು ತುದಿ ಸೇರುವ ಕಡೆ ಸಾಸಿವೆ ಕಾಳಿನಷ್ಟು ಬೆಳ್ಳಿ ಹನಿಗಳು. ತುದಿ ಜೋಡಿಸಲು ಹಾಕಿದ್ದ ಬೆಸುಗೆ (ಸೋಲ್ಡರ್) ಬೆವರಿತ್ತು! ತಕ್ಷಣ ತಗಡಿನ ಕೆಲಸದವರಿಗೆ ಫೋನ್ ಮಾಡಿ ಯಾವ ಬೆಸುಗೆ ಎಂದು ಕೇಳಿದೆ. 60-40 ಎಂದರು. ನೂರರಲ್ಲಿ 60 ಭಾಗ ತವರ, 40 ಭಾಗ ಸೀಸ. ಇದು 183 ಡಿಗ್ರಿಗೇ ಮೆತ್ತಗಾಗಲು ಶುರುವಾಗುತ್ತದೆ. ಮನೆ ಓವನ್ನಿನ ಮುಳ್ಳು 180 ತೋರಿಸುವಾಗ ಒಳಗೆ 200 ಇರುವುದೂ ಉಂಟು.

ಒಂದು ವೇಳೆ ನೇರವಾಗಿ ಹಿಟ್ಟು ಸುರಿದು ಬೇಯಿಸಿದ್ದರೆ ಈ ಹನಿಗಳು ಕಾಣದೆಯೂ ಹೋಗಬಹುದಿತ್ತು. ಹಸಿ ಹಿಟ್ಟು ತಾಗಿರುವ ಕಡೆ ಲೋಹ ಅಷ್ಟು ಕಾಯುವುದಿಲ್ಲ. ಆದರೆ ಸೀಸ ಆಹಾರಕ್ಕೆ ಇಳಿಯಲು ಕರಗಿ ಹರಿಯಬೇಕಂತಿಲ್ಲ, ಹುಳಿ ತಾಗಿದರೆ ಸಾಕು. ಮಕ್ಕಳಿಗಂತೂ ಇಷ್ಟು ಸೀಸ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ.

ಆಮೇಲೆ ಉಳಿದಿದ್ದ ತಗಡಿನ ಚೂರನ್ನು ವಿನೆಗರ್‌ನಲ್ಲಿ ಮುಳುಗಿಸಿಟ್ಟೆ. ಸಣ್ಣ ಸಣ್ಣ ಗುಳ್ಳೆ ಎದ್ದವು, ಹೊಳಪು ಹೋಗಿ ಬೂದು ಬಣ್ಣಕ್ಕೆ ತಿರುಗಿತು. ಸತು ಕರಗುತ್ತಿತ್ತು. ಅದು ಜಾಸ್ತಿ ಹೊಟ್ಟೆಗೆ ಹೋದರೆ ವಾಕರಿಕೆ, ವಾಂತಿ. ಅತ್ತೆಗೆ ತೋರಿಸಿದೆ. ಅವರು ಏನೂ ಹೇಳಲಿಲ್ಲ, ಸುಮ್ನೆ ನನ್ನ ಮುಖ ನೋಡಿದರು.

ಒಳಗೆ ಬಟರ್ ಪೇಪರ್ ಹಾಸಿದರಾಯಿತಲ್ಲ ಎಂದರು ನಮ್ಮ ಮನೆಯವರು. ಕರ್ನಾಟಕಕ್ಕೆ ಎಷ್ಟು ಮೂಲೆ ಅಂತ ಅವರಿಗೇನು ಗೊತ್ತು! ಯಾವುದಾದರೂ ಒಂದು ಕಡೆ ಹರಿದೇ ಹರಿಯುತ್ತದೆ.

ಎರಡನೇ ಸಲ ಲೋಹ ನಾನೇ ತಂದೆ. ಗುಲಾಲ್‌ವಾಡಿಯ ಕೀಕಾ ಸ್ಟ್ರೀಟ್‌ನಲ್ಲಿ ಸ್ಟೀಲ್ ಅಂಗಡಿಗಳು ಸಾಲಾಗಿವೆ. 304 ಗ್ರೇಡಿನ ಪಟ್ಟಿ ತೆಗೆದುಕೊಂಡೆ. ನಾಲ್ಕು ಅಡಿ ಉದ್ದ, ಮೂರು ಇಂಚು ಅಗಲ. ಆ ಸ್ಟೀಲಿನಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್. ಅಯಸ್ಕಾಂತ ಅಂಟದಿದ್ದರೆ ಒಳ್ಳೆ ಸ್ಟೀಲ್ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅಗ್ಗದ 202 ಗ್ರೇಡಿಗೂ ಅದು ಅಂಟುವುದಿಲ್ಲ. ಹಾಗಾಗಿ ಬಿಲ್ಲಿನ ಮೇಲೆ ಗ್ರೇಡ್ ಬರೆಸಿಕೊಂಡೆ.

ತಳವನ್ನೇ ಬಿಟ್ಟುಬಿಟ್ಟೆ. ಬರೀ ಸುತ್ತು, ಒಂದೇ ಜೋಡಣೆ. ಅದನ್ನೂ ಆರ್ಗಾನ್ ವೆಲ್ಡಿಂಗ್ ಮಾಡಿಸಿದೆ. ಸ್ಟೀಲಿಗೆ ಸ್ಟೀಲೇ ಕರಗಿ ಸೇರುತ್ತದೆ, ಬೆಸುಗೆಯ ಮಾತೇ ಇಲ್ಲ. ಸುಟ್ಟ ಕಪ್ಪನ್ನು ಉಜ್ಜಿಸಿ, ಮನೆಗೆ ತಂದು ಸೋಪು ಹಾಕಿ ಎರಡು ಸಲ ತೊಳೆದೆ. ದಿನಾ ಬಳಸುವ ಅಲ್ಯೂಮಿನಿಯಂ ಟ್ರೇ ಮೇಲೆ ಬಟರ್ ಪೇಪರ್ ಹಾಸಿ, ಅದರ ಮೇಲೆ ಈ ಸುತ್ತನ್ನು ಇಟ್ಟೆ. ಹಿಟ್ಟು ಗಟ್ಟಿಯಾಗಿಯೇ ಇರಬೇಕು, ಇಲ್ಲದಿದ್ದರೆ ಅಡಿಯಿಂದ ಸೋರುತ್ತದೆ. ಸ್ಟೀಲಿಗೆ ಶಾಖ ಬೇಗ ಹರಡುವುದಿಲ್ಲ. ಅದಕ್ಕೇ 160 ಡಿಗ್ರಿಯಲ್ಲಿ ನಿಧಾನವಾಗಿ ಬೇಯಿಸಿದೆ. ಕೋಲಾರದ ಮೂಲೆ ಸ್ವಲ್ಪ ಕೆಂಪಾಯಿತು. ಕ್ರೀಮ್ ಕೆಳಗೆ ಯಾರಿಗೆ ಕಾಣುತ್ತೆ?

ಹಳೆ ಅಚ್ಚಿನಲ್ಲಿ ಮಣ್ಣು ತುಂಬಿ ಕೊತ್ತಂಬರಿ ಹಾಕೋಣು ಎಂದರು ಅತ್ತೆ. ಅದೂ ಬೇಡ ಎಂದೆ. ಈಗ ಅದು ಬಾಲ್ಕನಿಯಲ್ಲಿದೆ, ಬಟ್ಟೆ ಕ್ಲಿಪ್ಪುಗಳಿಗೆ.